ಸೇಬಿನ ಕೆಂಪು, ಅದರ ಹಿಂದಿನ ಹಳದಿ

ಹಣ್ಣುಗಳ ಕೊಯಿಲು ಮತ್ತು ಸಂಗ್ರಹಣೆಯೇ ನನ್ನ ವೃತ್ತಿಯಾದುದರಿಂದ, ಪರಿಚಯವಾದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಹಾಗೆಯೇ ಕಚ್ಚಿ ತಿನ್ನಲು ಯಾವ ಸೇಬು ಒಳ್ಳೆಯದು? ನಾನು ಎರಡು ಮೂರು ತಳಿಗಳ ಹೆಸರು ಹೇಳುವಷ್ಟರಲ್ಲಿ ಅವರ ಕೈ ಎದುರಿನ ರಾಶಿಯಲ್ಲಿ ಎಲ್ಲಕ್ಕಿಂತ ಕೆಂಪಾಗಿರುವ ಹಣ್ಣಿನತ್ತ ಹೋಗಿರುತ್ತದೆ. ತಳಿಯ ಆಯ್ಕೆ ಅವರವರ ನಾಲಿಗೆಗೆ ಬಿಟ್ಟದ್ದು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೆಂಪನ್ನೇ ಮಾಗಿದ್ದರ ಗುರುತೆಂದು ನಂಬಿ, ಸಪ್ಪೆ ಹಣ್ಣನ್ನು ಆರಿಸಿ ತಿಂದು, ಕೊನೆಗೆ ಸೇಬಿಗೆ ರುಚಿಯೇ ಇಲ್ಲವೆಂದು ತೀರ್ಮಾನಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸಿಪ್ಪೆಯ ಕೆಂಪಿಗೆ ಕಾರಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯ. ಅದು ಚೆನ್ನಾಗಿ ಮೂಡಬೇಕಾದರೆ ಹಣ್ಣಿನ ಮೇಲೆ ಬಿಸಿಲು ಬೀಳಬೇಕು, ರಾತ್ರಿಗಳು ತಂಪಾಗಿರಬೇಕು. ಒಂದೇ ಹಣ್ಣಿನಲ್ಲಿ ಬಿಸಿಲಿಗೆ ಒಡ್ಡಿದ ಕೆನ್ನೆ ಕೆಂಪಾಗಿ, ಎಲೆಯ ಮರೆಯಲ್ಲಿದ್ದ ಕೆನ್ನೆ ಪೇಲವವಾಗಿ ಉಳಿಯುವುದು ಇದೇ ಕಾರಣಕ್ಕೆ. ಬಣ್ಣ ಬರಿಸಲೆಂದೇ ಹಣ್ಣಿನ ಸುತ್ತಲಿನ ಎಲೆಗಳನ್ನು ಕಿತ್ತುಹಾಕುವ, ಮರದ ಬುಡದಲ್ಲಿ ಬೆಳಕು ಪ್ರತಿಫಲಿಸುವ ಹಾಳೆ ಹಾಸುವ ಪದ್ಧತಿ ತೋಟಗಾರರಲ್ಲಿದೆ. ಹಣ್ಣಿನೊಳಗೆ ನಡೆಯುವ ಕೆಲಸವೇ ಬೇರೆ: ಅಲ್ಲಿ ಪಿಷ್ಟ ಕರಗಿ ಸಕ್ಕರೆಯಾಗಬೇಕು, ಮಾಲಿಕ್ ಆಮ್ಲದ ಹುಳಿ ಹದಕ್ಕೆ ಇಳಿಯಬೇಕು, ಪರಿಮಳ ಹುಟ್ಟಬೇಕು. ಇದನ್ನು ತಿಳಿಯಲು ನಾವು ಹಣ್ಣನ್ನು ಅಡ್ಡಲಾಗಿ ಕತ್ತರಿಸಿ ಅಯೋಡಿನ್ ದ್ರಾವಣ ಸವರುತ್ತೇವೆ. ಪಿಷ್ಟ ಉಳಿದ ಭಾಗವೆಲ್ಲ ಕಪ್ಪು ನೀಲಿಯಾಗುತ್ತದೆ, ಮಾಗಿದಂತೆಲ್ಲ ಆ ಕಪ್ಪು ನಡುವಿನಿಂದ ಅಂಚಿನ ಕಡೆಗೆ ಕರಗುತ್ತ ಹೋಗುತ್ತದೆ. ಹೊರಗೆ ಕಡುಗೆಂಪಾಗಿದ್ದ ಹಣ್ಣು ಒಳಗೆ ಅಂಚಿನಿಂದ ಅಂಚಿಗೆ ಕಪ್ಪಾಗಿದ್ದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಕೊಳ್ಳುವವರ ಕೈಯಲ್ಲಿ ಅಯೋಡಿನ್ ಇರುವುದಿಲ್ಲ, ನಿಜ. ಅವರು ನೋಡಬೇಕಾದದ್ದು ಕೆಂಪಿನ ಹಿಂದಿರುವ ತಳದ ಬಣ್ಣವನ್ನು. ಹಣ್ಣನ್ನು ಕೈಗೆತ್ತಿಕೊಂಡು ತೊಟ್ಟಿನ ಸುತ್ತಲಿನ ಕುಳಿಯನ್ನೂ, ಕೆಂಪು ಹತ್ತದೆ ಉಳಿದ ಜಾಗವನ್ನೂ ನೋಡಿ. ಅಲ್ಲಿ ಎಲೆಯಂಥ ಹಸಿರಿದ್ದರೆ, ಉಳಿದ ಮೈಯೆಲ್ಲ ಎಷ್ಟೇ ಕೆಂಪಾಗಿರಲಿ, ಆ ಹಣ್ಣನ್ನು ಬೇಗ ಕೊಯ್ದಿರುವ ಸಾಧ್ಯತೆ ಹೆಚ್ಚು. ಹಸಿರು ತಿಳಿಯಾಗಿ ಕೆನೆಬಣ್ಣಕ್ಕೋ ನಸುಹಳದಿಗೋ ತಿರುಗಿದ್ದರೆ ಒಳಗೂ ಕೆಲಸ ನಡೆದಿದೆ ಎಂದು ತಿಳಿಯಬಹುದು. ಹಳದಿ ತೀರಾ ಗಾಢವಾಗಿ, ಸಿಪ್ಪೆ ಜಿಡ್ಡುಜಿಡ್ಡಾಗಿದ್ದರೆ ಹಣ್ಣು ಹದ ಮೀರಿರಬಹುದು. ಈ ಸೂಚನೆ ಎಲ್ಲ ತಳಿಗೂ ಒಂದೇ ಸಮನೆ ಹೊಂದುವುದಿಲ್ಲ ಎಂಬ ಎಚ್ಚರವೂ ಇರಲಿ: ಗ್ರ್ಯಾನಿ ಸ್ಮಿತ್ ಹಸಿರಾಗಿರುವಾಗಲೇ ತಿನ್ನುವ ಹುಳಿ ಹಣ್ಣು, ಇನ್ನು ಕೆಲವು ತಳಿಗಳಲ್ಲಿ ತಳದ ಬಣ್ಣ ಕಾಣದಷ್ಟು ಕೆಂಪು ಮೈತುಂಬ ಹರಡಿರುತ್ತದೆ.

ಹೀಗೆ ಮೈತುಂಬ ಕೆಂಪು ಹರಡಿದ್ದರಲ್ಲಿ ನಮ್ಮ ಕಣ್ಣಿನ ಪಾಲೂ ಇದೆ. ರೆಡ್ ಡೆಲಿಶಿಯಸ್ ತಳಿಯ ಮೂಲ ಗಿಡ 19ನೆಯ ಶತಮಾನದಲ್ಲಿ ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಹಯಟ್ ಎಂಬ ರೈತರ ತೋಟದಲ್ಲಿ ತಾನಾಗಿ ಹುಟ್ಟಿದ್ದು. ಅವರು ಅದಕ್ಕೆ ಇಟ್ಟ ಹೆಸರು ಹಾಕ್‌ಐ. ಆ ಹಣ್ಣಿನ ಹಳದಿ ಮೈಮೇಲೆ ಕೆಂಪು ಗೀರುಗಳಷ್ಟೇ ಇದ್ದವು. ಅದರ ಯಾವುದೋ ಒಂದು ಕೊಂಬೆಯಲ್ಲಿ ಹೆಚ್ಚು ಕೆಂಪಾದ ಹಣ್ಣು ಕಾಣಿಸಿಕೊಂಡಾಗಲೆಲ್ಲ ಆ ಕೊಂಬೆಯಿಂದಲೇ ಕಸಿ ಮಾಡುತ್ತ ಹೋದರು, ಏಕೆಂದರೆ ಕೊಳ್ಳುವವರು ಕೆಂಪನ್ನೇ ಬಯಸಿದರು. ದಶಕಗಳ ಕಾಲ ಬಣ್ಣಕ್ಕಾಗಿಯೇ ಆಯ್ಕೆ ನಡೆದು, ರುಚಿಯನ್ನು ಕೇಳುವವರಿಲ್ಲದಂತಾಯಿತು. ಈಗ ಗಾಲಾ, ಫ್ಯೂಜಿಗಳಲ್ಲೂ ಹೆಚ್ಚು ಕೆಂಪಿನ ಉಪತಳಿಗಳು ಬಂದಿವೆ. ಅವೆಲ್ಲ ಕೆಟ್ಟವೆಂದು ನಾನು ಹೇಳಲಾರೆ, ಆದರೆ ಕೊಯಿಲಿನ ಹೊತ್ತನ್ನು ಕಣ್ಣಿನಿಂದಷ್ಟೇ ನಿರ್ಧರಿಸುವ ಬೆಳೆಗಾರರು ಇವುಗಳಲ್ಲಿ ಸುಲಭವಾಗಿ ಮೋಸ ಹೋಗುತ್ತಾರೆ.

ಅಂಥ ಒಬ್ಬ ಹಿರಿಯ ಬೆಳೆಗಾರರು, ತಮ್ಮ ಕೆಂಪು ಹಣ್ಣನ್ನು ನಾನು ಹೀಚು ಎಂದೆನೆಂದು ಸಿಟ್ಟಾಗಿದ್ದರು. ನಾನು ಅವರ ಹಣ್ಣನ್ನೂ, ಅದೇ ಮರದಲ್ಲಿ ಹತ್ತು ದಿನ ಹೆಚ್ಚು ಉಳಿದಿದ್ದ ಇನ್ನೊಂದನ್ನೂ ಸಿಪ್ಪೆ ಸುಲಿದು, ಹೋಳು ಮಾಡಿ, ಯಾವುದು ಯಾವುದೆಂದು ಹೇಳದೆ ಅವರ ಮುಂದಿಟ್ಟೆ. ಅವರು ಎರಡನ್ನೂ ನಿಧಾನವಾಗಿ ತಿಂದು, ಕೆಲಹೊತ್ತು ಸುಮ್ಮನಿದ್ದು, "ಆ ಅಯೋಡಿನ್ ಬಾಟಲಿ ನನಗೂ ಒಂದು ಬೇಕು ಸ್ವಾಮಿ" ಎಂದರು. ತಪ್ಪನ್ನು ಅಷ್ಟು ನೇರವಾಗಿ ಒಪ್ಪಿಕೊಂಡ ಅವರ ಮೇಲೆ ನನಗೆ ಅಂದಿನಿಂದ ಬಹಳ ಗೌರವ.

ತಳಿಗಳ ಮಾತಿಗೆ ಬಂದರೆ, ಸಿಹಿಯನ್ನು ಬಯಸುವವರಿಗೆ ನಾನು ಫ್ಯೂಜಿಯನ್ನು ಹೇಳುತ್ತೇನೆ. ಜಪಾನಿನಲ್ಲಿ ರೆಡ್ ಡೆಲಿಶಿಯಸ್ ಮತ್ತು ರಾಲ್ಸ್ ಜಾನೆಟ್ ತಳಿಗಳನ್ನು ಕೂಡಿಸಿ ಪಡೆದ ಇದು 1962ರಲ್ಲಿ ಬಿಡುಗಡೆಯಾಯಿತು. ತಿರುಳು ಗಟ್ಟಿ, ತಂಪಿನಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಕಚ್ಚಿದೊಡನೆ ರಸ ಚಿಮ್ಮಬೇಕೆನ್ನುವವರಿಗೆ ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್. ಅದರ ಜೀವಕೋಶಗಳು ದೊಡ್ಡವು, ಹಲ್ಲಿಗೆ ಸಿಕ್ಕಿ ಒಡೆದು ರಸ ಬಿಡುತ್ತವೆ. ಹಳಸಲು ಸೇಬಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಕೋಶಗಳನ್ನು ಅಂಟಿಸಿದ ಪೆಕ್ಟಿನ್ ಸಡಿಲವಾಗಿ, ಅವು ಒಡೆಯದೆ ಒಂದರಿಂದೊಂದು ಬಿಡಿಬಿಡಿಯಾಗುತ್ತವೆ, ರಸ ಒಳಗೇ ಉಳಿದು ಬಾಯಿಗೆ ಹಿಟ್ಟು ಸಿಕ್ಕಂತಾಗುತ್ತದೆ. ಆದುದರಿಂದ ಚಂದದ ಕೆಂಪು ಹಣ್ಣನ್ನು ಮೇಜಿನ ಮೇಲೆ ಅಲಂಕಾರಕ್ಕೆಂದು ವಾರಗಟ್ಟಲೆ ಇಡಬೇಡಿ, ಫ್ರಿಜ್ಜಿನಲ್ಲಿಡಿ. ಸಿಹಿ ಹುಳಿ ಎರಡೂ ಬೇಕಾದವರಿಗೆ ಆಸ್ಟ್ರೇಲಿಯಾದ ಕ್ರಿಪ್ಸ್ ಪಿಂಕ್ ಸರಿ.

ನನ್ನದೇ ಆಯ್ಕೆ ಕೇಳಿದರೆ, ಇಂಗ್ಲೆಂಡಿನ ಹಳೆಯ ತಳಿ ಕಾಕ್ಸ್ ಆರೆಂಜ್ ಪಿಪ್ಪಿನ್. ಮಂಕು ಕಿತ್ತಳೆ ಬಣ್ಣ, ಅಲ್ಲಲ್ಲಿ ಒರಟು ಕಂದು ಮಚ್ಚೆ. ರಾಶಿಯಲ್ಲಿಟ್ಟರೆ ಅದನ್ನು ಯಾರೂ ಮೊದಲು ಮುಟ್ಟುವುದಿಲ್ಲ. ಅದು ಮಾಗಿದೆಯೇ ಎಂದು ತಿಳಿಯಲು ನಾನು ಬಣ್ಣದ ಜೊತೆಗೆ ಕಿವಿಯನ್ನೂ ಬಳಸುತ್ತೇನೆ: ಚೆನ್ನಾಗಿ ಮಾಗಿದ ಕಾಕ್ಸ್ ಹಣ್ಣನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ, ಒಳಗೆ ಬೀಜಗಳು ಗಲಗಲ ಸದ್ದು ಮಾಡುತ್ತವೆ.