ಗುಡಿ, ಚರ್ಚ್, ಮ್ಯೂಸಿಯಂ: ಮಡಿಕೇರಿ ಕೋಟೆಯೊಳಗಿನ ಒಂದು ಕಟ್ಟಡದ ಕತೆ

ಮಡಿಕೇರಿ ಕೋಟೆಗೆ ಹೋದವರು ಗಾರೆಯ ಆನೆಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಅರಮನೆ ನೋಡುತ್ತಾರೆ. ಟೈಮ್ ಉಳಿದರೆ ಮ್ಯೂಸಿಯಂಗೆ ಒಂದು ಸುತ್ತು. ಹೊರಗೆ ಬರುವಾಗ ಯಾರೋ ಒಬ್ಬರು ತಲೆ ಎತ್ತಿ ನೋಡಿ ಕೇಳುತ್ತಾರೆ: ಇದು ಚರ್ಚ್ ಅಲ್ವಾ?

ಹೌದು. ಇದು ಸೇಂಟ್ ಮಾರ್ಕ್ಸ್ ಚರ್ಚ್. ಆದರೆ ಇಲ್ಲಿ ಆರಾಧನೆ ನಿಂತು ದಶಕಗಳೇ ಆದವು. ಊರಲ್ಲಿ ಕ್ರೈಸ್ತರು ಇದ್ದೂ ಇದು ಯಾಕೆ ಮುಚ್ಚಿತು? ಇಲ್ಲಿ ಮೊದಲು ಗುಡಿ ಇತ್ತು ಅನ್ನುತ್ತಾರಲ್ಲ, ಅದು ನಿಜವೇ? ಈ ಎರಡು ಪ್ರಶ್ನೆಗೆ ಉತ್ತರ ಹುಡುಕಿದರೆ ಕೊಡಗಿನ ಅರ್ಧ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲ ಭಾಗ ಬೇಗ ಹೇಳಿಬಿಡಬಹುದು. ಕೊಡಗಿನ ರಾಜ ಮುದ್ದುರಾಜ 17ನೇ ಶತಮಾನದಲ್ಲಿ ಕೋಟೆ ಕಟ್ಟಿದ. ಟಿಪ್ಪು ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿ ಜಾಫರಾಬಾದ್ ಅಂತ ಕರೆದ. 1790ರಲ್ಲಿ ದೊಡ್ಡ ವೀರರಾಜೇಂದ್ರ ವಾಪಸ್ ಪಡೆದ. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕೋಟೆಯೊಳಗೆ ಬಂತು. ಕೊನೆಯ ರಾಜ ಚಿಕ್ಕವೀರ ರಾಜೇಂದ್ರ ಗಡೀಪಾರಾಗಿ ಕಾಶಿಗೆ ಹೋದ.

ಕೋಟೆಯಲ್ಲಿ ದಂಡು ಉಳಿಯಿತು. ಕಚೇರಿಗಳು ಬಂದವು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ಎಸ್ಟೇಟ್ ಶುರು ಮಾಡಿದ. ಅವನ ಹಿಂದೆ ಇನ್ನಷ್ಟು ಪ್ಲಾಂಟರ್‌ಗಳು ಬಂದರು. ಭಾನುವಾರ ಪ್ರಾರ್ಥನೆಗೆ ಕೂರಲು ಇವರಿಗೆಲ್ಲ ಒಂದು ಜಾಗ ಬೇಕಿತ್ತು.

ಆ ಜಾಗ ಸಿಕ್ಕಿದ್ದು ವೀರಭದ್ರನ ಗುಡಿ ಇದ್ದಲ್ಲಿ. 1855ರಲ್ಲಿ ಕೋಟೆಯೊಳಗಿನ ಆ ಗುಡಿಯನ್ನು ತೆಗೆದು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಸಭೆಗೆ ಸೇರಿದ ಚರ್ಚಿಗೆ ಜಾಗ ಮಾಡಿದರು. ಇದನ್ನು ಮುಚ್ಚಿಡುವಂಥದ್ದೇನಿಲ್ಲ. ಆ ಕಾಲದವರೇ ಸಂಕೋಚವಿಲ್ಲದೆ ಬರೆದಿಟ್ಟಿದ್ದಾರೆ. ಹಣ ಕೊಟ್ಟಿದ್ದು ಮದ್ರಾಸ್ ಸರ್ಕಾರ, ಮುತುವರ್ಜಿ ವಹಿಸಿದ್ದು ಫೆನ್ನೆಲ್ ಎಂಬ ಪಾದ್ರಿ. 1859ರಲ್ಲಿ ಪ್ರತಿಷ್ಠೆ ಆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಕಾಶಿಯಿಂದ ಇಂಗ್ಲೆಂಡಿಗೆ ಹೋಗಿದ್ದ ಚಿಕ್ಕವೀರ ರಾಜೇಂದ್ರ ಲಂಡನ್ನಿನಲ್ಲಿ ತೀರಿಕೊಂಡ. ಅವನ ಮಗಳು ಗೌರಮ್ಮನಿಗೆ 1852ರಲ್ಲೇ ಅಲ್ಲಿ ದೀಕ್ಷಾಸ್ನಾನ ಆಗಿತ್ತು, ಧರ್ಮಮಾತೆಯಾಗಿ ನಿಂತಿದ್ದು ಸಾಕ್ಷಾತ್ ವಿಕ್ಟೋರಿಯಾ ರಾಣಿ. ರಾಜನ ಕೋಟೆಯಲ್ಲಿ ರಾಣಿಯ ಚರ್ಚ್, ರಾಣಿಯ ಊರಲ್ಲಿ ರಾಜನ ಮಗಳು!

ಚರ್ಚ್ ಅಂದ ಕೂಡಲೇ ನಮಗೆ ಮಿಷನರಿ ನೆನಪಾಗುತ್ತಾನೆ. ಗೋಜಲು ಶುರುವಾಗುವುದೇ ಅಲ್ಲಿ. ಕೊಡಗಿಗೆ ಮಿಷನರಿಗಳು ಬಂದಿದ್ದರು, ಆದರೆ ಅವರು ಈ ಚರ್ಚಿನ ಕಡೆಯವರಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದ ಹರ್ಮನ್ ಮೋಗ್ಲಿಂಗ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು. ಅವರು 1853ರಲ್ಲಿ ಕೊಡಗಿಗೆ ಬಂದರು. ಅಳಮಂಡ ಸೋಮಯ್ಯ ಎಂಬ ಕೊಡವ ಮತಾಂತರವಾಗಿ ಸ್ಟೀಫನಸ್ ಆದ. ಆಮೇಲೆ ಮೋಗ್ಲಿಂಗ್ ಆನಂದಪುರದಲ್ಲಿ ಹೊಲೆಯ ಕುಟುಂಬಗಳಿಗಾಗಿ ಒಂದು ನೆಲೆ ಕಟ್ಟಿದರು. ಕನ್ನಡ ಕಲಿತು, ಕನ್ನಡದಲ್ಲೇ ಉಪದೇಶ ಮಾಡಿದವರು ಅವರು.

ಸೇಂಟ್ ಮಾರ್ಕ್ಸ್ ಹಾಗಲ್ಲ. ಅದು ಸರ್ಕಾರಿ ಚರ್ಚ್. ಅಂಥ ಚರ್ಚುಗಳ ಪಾದ್ರಿ ಸರ್ಕಾರದ ಸಂಬಳ ಪಡೆಯುವ ಚಾಪ್ಲೆನ್. ಅವನ ಕೆಲಸ ಮತಾಂತರ ಅಲ್ಲ, ಸಾಹೇಬರ ಮದುವೆ, ನಾಮಕರಣ, ಮಣ್ಣು. ಬೆಂಚುಗಳಲ್ಲಿ ಕೂರುತ್ತಿದ್ದವರು ಅಧಿಕಾರಿಗಳು, ಸಿಪಾಯಿಗಳ ಸಾಹೇಬರು, ಎಸ್ಟೇಟಿನ ದೊರೆಗಳು. ಊರಿನವರಿಗೆ ಅದು ಕಚೇರಿ ಪಕ್ಕದ ಇನ್ನೊಂದು ಕಚೇರಿ ಅಷ್ಟೆ.

ಕಟ್ಟಡದಲ್ಲೂ ಈ ಪರಕೀಯತನ ಕಾಣುತ್ತದೆ. ಗಾಥಿಕ್ ಶೈಲಿ ಅಂದರೆ ಮುಖ್ಯವಾಗಿ ಮೇಲೆ ಚೂಪಾಗುವ ಕಮಾನು. ಅರ್ಧವೃತ್ತದ ಕಮಾನಿಗಿಂತ ಇದು ಗೋಡೆಯನ್ನು ಪಕ್ಕಕ್ಕೆ ತಳ್ಳುವುದು ಕಡಿಮೆ, ಭಾರವನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಹಾಗಾಗಿ ಕಿಟಕಿಗಳನ್ನು ಎತ್ತರ ಮಾಡಬಹುದು. ಯುರೋಪಿನಲ್ಲಿ 12ನೇ ಶತಮಾನದಲ್ಲಿ ಹುಟ್ಟಿದ ಈ ಶೈಲಿ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಮತ್ತೆ ಫ್ಯಾಶನ್ ಆಗಿತ್ತು. ಊರು ಬಿಟ್ಟು ಬಂದವರಿಗೆ ತಮ್ಮ ಹಳ್ಳಿಯ ಚರ್ಚೇ ಕಣ್ಣ ಮುಂದೆ ಇರಬೇಕು ಅನ್ನಿಸಿದ್ದು ಸಹಜ. ಬಣ್ಣದ ಗಾಜಿನ ಕಿಟಕಿಗಳನ್ನೂ ಇಟ್ಟರು. ಅದು ಹೊಳೆಯಲು ಬಿಸಿಲು ಬೇಕು. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಗೇ ಬರ. ಆದರೂ ಮಂಜು ಸರಿದ ಒಂದು ಬೆಳಿಗ್ಗೆ ಒಳಗೆ ನಿಂತು ನೋಡಿ, ಕಟ್ಟಿದವರ ಮೇಲೆ ಸಿಟ್ಟು ಉಳಿಯುವುದು ಕಷ್ಟ.

ಸರ್ಕಾರ ಕಟ್ಟಿದ್ದು ಸರ್ಕಾರದ ಜೊತೆಗೇ ಖಾಲಿಯಾಯಿತು. 1930ರಲ್ಲಿ ಭಾರತದ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಸಭೆಯಿಂದ ಕಾನೂನು ಪ್ರಕಾರ ಬೇರೆಯಾಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಹುಟ್ಟಿತು. ಅಷ್ಟರಲ್ಲಿ ಸಾಹೇಬರು ಗಂಟುಮೂಟೆ ಕಟ್ಟಿದ್ದರು. ಸೇಂಟ್ ಮಾರ್ಕ್ಸ್ ಮುಚ್ಚಿತು. ಇದನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಕೂರುವವರು ಇರಲಿಲ್ಲ ಅಷ್ಟೆ. ಕನ್ನಡದ ಬಾಸೆಲ್ ಮಿಷನ್ ಸಭೆಗಳು ಸಿಎಸ್‌ಐ ಸೇರಿದ್ದು ತಡವಾಗಿ, 1968ರಲ್ಲಿ. ಮಡಿಕೇರಿಯ ಶಾಂತಿ ಚರ್ಚಿನಲ್ಲಿ ಆರಾಧನೆ ಇಂದಿಗೂ ನಡೆಯುತ್ತಿದೆ. ಬೇರು ಯಾವುದಕ್ಕೆ ಇತ್ತು ಅಂತ ಬೇರೆ ಹೇಳಬೇಕಿಲ್ಲ.

1971ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಕಟ್ಟಡವನ್ನು ವಹಿಸಿಕೊಂಡು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿತು. ಈಗ ಒಳಗೆ ಜೈನ ವಿಗ್ರಹಗಳು, ವೀರಗಲ್ಲುಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ನೆನಪಿನ ವಸ್ತುಗಳು ಇವೆ. ಚರ್ಚಿನ ಹಜಾರ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಲು ಕಟ್ಟಿದ್ದು. ಮ್ಯೂಸಿಯಂಗೆ ಬಂದವರು ಗೋಡೆ ಹಿಡಿದು ಸುತ್ತು ಹಾಕುತ್ತಾರೆ, ಗುಡಿಯಲ್ಲಿ ಹಾಕುವ ಹಾಗೆ.

ಅತ್ತ ಅರಮನೆ ಸೋರುತ್ತಿದೆ ಎಂಬ ದೂರು ಹೈಕೋರ್ಟಿನವರೆಗೂ ಹೋಯಿತು. ಮ್ಯೂಸಿಯಂ ಆಗದಿದ್ದರೆ ಈ ಚರ್ಚಿನ ಗತಿ ಏನಾಗುತ್ತಿತ್ತೋ. ಹಾಗಂತ ವೀರಭದ್ರನ ಗುಡಿ, ಸೇಂಟ್ ಮಾರ್ಕ್ಸ್, ಮ್ಯೂಸಿಯಂ, ಈ ಮೂರನ್ನೂ ಬಂದವರಿಗೆ ಒಟ್ಟಿಗೆ ಹೇಳುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬಾಗಿಲ ಪಕ್ಕದಲ್ಲಿ ನಾಲ್ಕು ಸಾಲಿನ ಒಂದು ಬೋರ್ಡ್, ಕನ್ನಡದಲ್ಲಿ.