ಅನ್ನ ಬಿಡಬೇಕೇ, ಎಣ್ಣೆ ಬಿಡಬೇಕೇ?

ಪ್ರಶ್ನೆ: ತೂಕ ಇಳಿಯಬೇಕಾದರೆ ಅನ್ನ, ಚಪಾತಿ ಬಿಡಿ ಎಂದು ಕೆಲವರು, ಎಣ್ಣೆ, ತುಪ್ಪ ಬಿಡಿ ಎಂದು ಇನ್ನು ಕೆಲವರು ಹೇಳುತ್ತಾರೆ. ಇಬ್ಬರೂ ಸಂಶೋಧನೆಯನ್ನೇ ಮುಂದಿಡುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಮತ್ತು ಸಂಗಡಿಗರು ಈ ಎರಡು ಪಥ್ಯಗಳನ್ನೇ ಎದುರುಬದುರು ಇಟ್ಟು ಪರೀಕ್ಷಿಸಿದ್ದಾರೆ. 609 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಕೊಬ್ಬನ್ನೂ (ಎಣ್ಣೆ, ತುಪ್ಪದಂಥವು) ಇನ್ನೊಂದಕ್ಕೆ ಕಾರ್ಬೋಹೈಡ್ರೇಟನ್ನೂ (ಅನ್ನ, ಚಪಾತಿ, ಸಕ್ಕರೆಗಳಲ್ಲಿರುವ ಪಿಷ್ಟ ಮತ್ತು ಸಿಹಿ ಅಂಶ) ಕಡಿಮೆ ಮಾಡಲು ಹೇಳಿ, ವರ್ಷವಿಡೀ ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೊಬ್ಬು ಕಡಿಮೆ ಮಾಡಿದವರ ತೂಕ ಸರಾಸರಿ 5.3 ಕೆ.ಜಿ., ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರದು ಸರಾಸರಿ 6 ಕೆ.ಜಿ. ಇಳಿದಿತ್ತು. ಇದು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕ ಅಂತರ. ಆದರೆ ಎರಡೂ ಗುಂಪುಗಳಲ್ಲಿ 20 ಕೆ.ಜಿ.ಗೂ ಹೆಚ್ಚು ಇಳಿಸಿದವರಿದ್ದರು, ತೂಕ ಹೆಚ್ಚಿಸಿಕೊಂಡವರೂ ಇದ್ದರು. ಯಾರಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ವಂಶವಾಹಿಗಳ ಪರೀಕ್ಷೆಯಾಗಲಿ, ಇನ್ಸುಲಿನ್ ಮಟ್ಟವಾಗಲಿ ಮುಂಚಿತವಾಗಿ ತಿಳಿಸಲಿಲ್ಲ. ಸಕ್ಕರೆ ಮತ್ತು ಮೈದಾವನ್ನು ಆದಷ್ಟು ಬಿಡಿ, ತರಕಾರಿ ಹೆಚ್ಚು ತಿನ್ನಿ ಎಂಬ ಸಲಹೆ ಎರಡೂ ಗುಂಪುಗಳಿಗೆ ಸಿಕ್ಕಿತ್ತು. ನನ್ನ ದೃಷ್ಟಿಯಲ್ಲಿ ಅನ್ನ-ಎಣ್ಣೆಗಳ ಜಗಳಕ್ಕಿಂತ ಈ ಸಲಹೆಯೇ ಮುಖ್ಯವಾದದ್ದು.

ಅನ್ನ ಬಿಟ್ಟ ಮೊದಲ ವಾರದಲ್ಲೇ ಎರಡು ಕೆ.ಜಿ. ಇಳಿಯಿತೆಂದು ಹೇಳುವವರ ಮಾತು ಸುಳ್ಳಲ್ಲ. ದೇಹವು ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ; ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟು ಗ್ಲೈಕೋಜನ್ ಕರಗಿದಾಗ ಆ ನೀರೂ ಹೊರಹೋಗುತ್ತದೆ. ಹಾಗಾಗಿ ಕೆಲವೇ ವಾರಗಳ ಅಧ್ಯಯನದಲ್ಲಿ ತೂಕವನ್ನಷ್ಟೇ ನೋಡಿ ಕೊಬ್ಬು ಕರಗಿತೆಂದು ತೀರ್ಮಾನಿಸಲಾಗದು.

ಇನ್ನು ಸಂಶೋಧನೆಯ ವಿಶ್ವಾಸಾರ್ಹತೆ. ಬಹಳಷ್ಟು ಆಹಾರ ಅಧ್ಯಯನಗಳು ಜನರ ನೆನಪನ್ನೇ ಅವಲಂಬಿಸಿವೆ. ನಿನ್ನೆಯ ಸಾರಿನ ಒಗ್ಗರಣೆಗೆ ಎಷ್ಟು ಚಮಚ ಎಣ್ಣೆ ಬಿದ್ದಿತ್ತು, ಅದರಲ್ಲಿ ನಿಮ್ಮ ತಟ್ಟೆಗೆ ಬಂದದ್ದೆಷ್ಟು ಎಂದು ಕೇಳಿದರೆ ಅಡುಗೆ ಮಾಡಿದವರೇ ತಡವರಿಸುತ್ತಾರೆ. ಅಂಥದ್ದರಲ್ಲಿ ಕಳೆದ ವರ್ಷದ ಊಟವನ್ನು ಪ್ರಶ್ನಾವಳಿಯಲ್ಲಿ ತುಂಬಿಸಿದರೆ ಲೆಕ್ಕ ತಪ್ಪದಿರುವುದು ಕಷ್ಟ. ಜನರನ್ನು ಆಸ್ಪತ್ರೆಯಲ್ಲೇ ಇರಿಸಿ ತುತ್ತು ತುತ್ತನ್ನೂ ತೂಗಿದರೆ ಲೆಕ್ಕ ಸರಿಯಾಗುತ್ತದೆ, ಆದರೆ ಹಾಗೆ ಇರಬಲ್ಲವರು ಕೆಲವೇ ಮಂದಿ, ಅದೂ ಕೆಲವೇ ವಾರ. ಗುಂಪು ಹಂಚುವಾಗಲೂ ಎಡವಟ್ಟಾಗುತ್ತದೆ. ಆಲಿವ್ ಎಣ್ಣೆ ಮತ್ತು ಬೀಜಗಳ ಕುರಿತು ಸ್ಪೇನಿನಲ್ಲಿ ನಡೆದು 2013ರಲ್ಲಿ ಪ್ರಸಿದ್ಧವಾದ ಪ್ರೆಡಿಮೆಡ್ ಪ್ರಯೋಗದಲ್ಲಿ, ಒಂದು ಕೇಂದ್ರದಲ್ಲಿ ವ್ಯಕ್ತಿಗಳ ಬದಲು ಇಡೀ ಚಿಕಿತ್ಸಾಲಯಗಳಿಗೇ ಒಂದೊಂದು ಪಥ್ಯವನ್ನು ಹಂಚಲಾಗಿತ್ತು. ಹೀಗಾದರೆ ವ್ಯತ್ಯಾಸ ಪಥ್ಯದಿಂದ ಬಂತೋ, ಆ ಚಿಕಿತ್ಸಾಲಯಕ್ಕೆ ಬರುವ ಜನರಿಂದ ಬಂತೋ ಹೇಳಲಾಗದು. ಇದು ಬೆಳಕಿಗೆ ಬಂದಾಗ ಲೇಖಕರು 2018ರಲ್ಲಿ ಪ್ರಬಂಧವನ್ನು ಹಿಂಪಡೆದು, ಮರುಲೆಕ್ಕ ಹಾಕಿ ಪ್ರಕಟಿಸಿದರು. ತಪ್ಪನ್ನು ಬಹಿರಂಗವಾಗಿ ತಿದ್ದಿಕೊಂಡ ಈ ನಡೆ ನನ್ನ ನಂಬಿಕೆಯನ್ನು ಹೆಚ್ಚಿಸಿತು.

ಆದ್ದರಿಂದ ನೀವು ವರ್ಷಗಟ್ಟಲೆ ಬೇಸರವಿಲ್ಲದೆ ಪಾಲಿಸಬಲ್ಲ ಪಥ್ಯವನ್ನೇ ಆರಿಸಿಕೊಳ್ಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಅನ್ನ ಕಡಿಮೆ ಮಾಡುವ ಮೊದಲೇ ವೈದ್ಯರನ್ನು ಕಾಣಿ. ಔಷಧದ ಪ್ರಮಾಣ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.