ಸ್ಟೀಲಿಗೂ ಗಾಳಿ ಬೇಕು

ನಮ್ಮಜ್ಜಿ ಉಪ್ಪನ್ನ ಯಾವತ್ತೂ ಸ್ಟೀಲ್ ಡಬ್ಬಿಗೆ ಹಾಕೋಕೆ ಬಿಡ್ತಿರಲಿಲ್ಲ, ಪಿಂಗಾಣಿ ಜಾಡೀಲೇ ಇಡ್ಬೇಕು ಅನ್ನೋರು. ನಾನೊಂದ್ಸಲ ಕೇಳದೆ ಹಾಕಿಟ್ಟೆ. ಮಳೆಗಾಲ ಮುಗಿಯೋ ಹೊತ್ತಿಗೆ ಡಬ್ಬಿಯ ಹೊರಗೆಲ್ಲ ಫಳಫಳ, ಆದ್ರೆ ಮುಚ್ಚಳ ಕೂತ್ಕೊಳ್ಳೋ ಅಂಚಿನ ಒಳಗಡೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು. ಸಾಗರ ದಾಟೋ ಹಾಯಿದೋಣಿಯ ಮಾಸ್ಟ್, ಅಂದ್ರೆ ಹಾಯಿ ಕಟ್ಟೋ ಕಂಬ, ಬೀಳೋದ್ರ ಹಿಂದೆ ಎಷ್ಟೋ ಸಲ ಇರೋದು ಇದೇ ಚುಕ್ಕೆ.

ಮಾಸ್ಟನ್ನ ಹಿಂದೆ, ಮುಂದೆ, ಅಕ್ಕಪಕ್ಕ ಎಳೆದು ನಿಲ್ಲಿಸೋ ತಂತಿಗಳಿಗೆ ಸ್ಟ್ಯಾಂಡಿಂಗ್ ರಿಗ್ಗಿಂಗ್ ಅಂತಾರೆ. ಸಾಮಾನ್ಯವಾಗಿ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲು, 19 ಎಳೆ ಹೊಸೆದಿದ್ದು. 8 ಮಿಮೀ ದಪ್ಪದ ತಂತಿ ಹೊಸದಾಗಿದ್ದಾಗ ಸುಮಾರು 5 ಟನ್ ತಡ್ಕೊಳ್ಳುತ್ತೆ. ಅಷ್ಟು ಗಟ್ಟಿ ಇದ್ಮೇಲೆ, ಅದೂ ಸ್ಟೇನ್‌ಲೆಸ್ ಅಂದ್ಮೇಲೆ ತುಕ್ಕೆಲ್ಲಿ ಬಂತು ಅಂತ ಕೇಳ್ತಾರಲ್ಲ, ಅದೇ ನಂಗೆ ತಡೆಯೋಕಾಗದೇ ಇರೋ ಮಾತು. ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯದ ಲೋಹ ಅಲ್ಲ. ಅದರಲ್ಲಿರೋ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತೆ, ಗೀರಿದ್ರೆ ತಕ್ಷಣ ಮತ್ತೆ ಕಟ್ಟುತ್ತೆ, ಗಾಯದ ಮೇಲೆ ಹಕ್ಕಳೆ ಕಟ್ಟಿದ ಹಾಗೆ. ಆದ್ರೆ ಗಾಳಿ ಸಿಗ್ಬೇಕು! ಒದ್ದೆ ಪಟ್ಟಿ ಸುತ್ತಿ ಮುಚ್ಚಿಟ್ಟ ಗಾಯ ಒಣಗುತ್ತಾ?

ತಂತಿಯ ತುದೀನ ಲೋಹದ ಕೊಳವೆಯೊಳಗೆ ತೂರಿಸಿ ಒತ್ತಿ ಬಿಗಿ ಮಾಡಿರ್ತಾರೆ, ಸ್ವೇಜ್ ಅಂತ. ಸಮುದ್ರದ ನೀರು ತಂತಿಗುಂಟ ಇಳಿದು ಕೆಳಗಿನ ಸ್ವೇಜಿನೊಳಗೆ ನಿಲ್ಲುತ್ತೆ, ಅದಕ್ಕೇ ಮೇಲಿನದಕ್ಕಿಂತ ಕೆಳಗಿನದು ಬೇಗ ಹಾಳಾಗುತ್ತೆ. ಆ ಸಂದಿಯೊಳಗಿನ ಆಮ್ಲಜನಕ ಖರ್ಚಾಗುತ್ತೆ, ಹೊಸದು ಬರಲ್ಲ, ಪೊರೆ ಕಟ್ಟೋದು ನಿಲ್ಲುತ್ತೆ. ಕರಗಿದ ಲೋಹದ ಅಯಾನುಗಳು ಹೊರಗಿನ ಉಪ್ಪುನೀರಿಂದ ಕ್ಲೋರೈಡನ್ನ ಒಳಗೆ ಎಳ್ಕೊಳ್ತವೆ, ನೀರು ಹೋಗ್ತಾ ಹೋಗ್ತಾ ಆಮ್ಲ ಆಗುತ್ತೆ, ಆಮ್ಲ ಇನ್ನಷ್ಟು ಲೋಹ ಕರಗಿಸುತ್ತೆ, ಅದು ಇನ್ನಷ್ಟು ಕ್ಲೋರೈಡ್ ಕರೆಯುತ್ತೆ, ಬಡ್ಡಿಗೆ ಬಡ್ಡಿ ಬೆಳೆದ ಹಾಗೆ. ಇದರ ಮೇಲೆ, ಬ್ಯಾಟರಿಯ ಎರಡು ತುದಿಗಳ ಹಾಗೆ, ಹೊರಗಿನ ಅಷ್ಟುದ್ದದ ಹೊಳೆಯೋ ತಂತಿ ಕ್ಯಾಥೋಡು, ಒಳಗಿನ ಚಿಕ್ಕ ಜಾಗ ಆನೋಡು, ಅಂದ್ರೆ ಕರಗೋ ಕಡೆ. ಇಡೀ ಊರು ಒಂದೇ ಬಾವಿಯಿಂದ ನೀರು ಸೇದಿದ್ರೆ ಬಾವಿ ಎಷ್ಟು ದಿನ ಬಂದೀತು? ಹೊರಗಡೆ ಎಷ್ಟು ಚೆನ್ನಾಗಿ ಹೊಳೀತಿದ್ರೂ ಒಳಗಿನ ಗುಂಡಿ ಆಳ ಆಗ್ತಾನೇ ಇರುತ್ತೆ.

ಇದಕ್ಕೆ ಜೊತೆಯಾಗೋದು ಲೋಹದ ದಣಿವು. 10 ಸೆಕೆಂಡಿಗೊಂದು ಹೊಯ್ದಾಟ ಅಂತ ಇಟ್ಕೊಂಡ್ರೂ 30 ದಿನಕ್ಕೆ 2,59,200 ಸಲ ತಂತಿ ಬಿಗಿದು ಸಡಿಲಾಗುತ್ತೆ, ಪ್ರತಿ ಸಲಾನೂ ಆ ಗುಂಡಿಯ ತಳದಿಂದ ಬಿರುಕು ಕಣ್ಣಿಗೆ ಕಾಣದಷ್ಟು ಚೂರೇ ಚೂರು ಮುಂದಕ್ಕೆ.

ಹಾಗಾಗಿ ಮೇಂಟೆನೆನ್ಸ್ ಅಂದ್ರೆ ಪಾಲಿಶ್ ಅಲ್ಲ. ಸಿಹಿನೀರಲ್ಲಿ ತೊಳೀಬೇಕು, ಸ್ವೇಜ್ ಹತ್ರ ವರ್ಷಗಟ್ಟಲೆ ಟೇಪ್ ಸುತ್ತಿಡಬಾರದು, ತಂತಿಗುಂಟ ಹತ್ತಿ ಸವರಿ ನೋಡ್ಬೇಕು, ಮುರಿದ ಎಳೆ ಇದ್ರೆ ಹತ್ತಿ ಸಿಕ್ಕಿಹಾಕ್ಕೊಳ್ಳುತ್ತೆ. ಬಿರುಕಿಗೆ ಭೂತಗನ್ನಡಿ, ಅನುಮಾನ ಬಂದ್ರೆ ಡೈ ಪೆನಿಟ್ರೆಂಟ್, ಅಂದ್ರೆ ಬಿರುಕಿನೊಳಗೆ ಇಳಿದು ಅದನ್ನ ತೋರಿಸಿಕೊಡೋ ಬಣ್ಣ. ಒಂದೇ ಒಂದು ಎಳೆ ತುಂಡಾಗಿದ್ರೂ ಇಡೀ ತಂತಿ ಬದಲಾಯಿಸಬೇಕು, ಉಳಿದ 18 ಇದೆಯಲ್ಲ ಅನ್ನೋ ಲೆಕ್ಕ ಹಾಕ್ಬೇಡಿ, ಅವೂ ಅದೇ ನೀರಲ್ಲಿ ನೆನೆದಿರೋವು.

ನಂಬಿಕೆ ವಿಷಯಕ್ಕೂ ಬರ್ತೀನಿ. ನಾವು ಮನೆ ಪಾಯಕ್ಕೆ ನಾಣ್ಯ ಹಾಕೋ ಹಾಗೆ, ಮಾಸ್ಟ್ ಬುಡದಲ್ಲಿ ನಾಣ್ಯ ಇಡೋದು ನಾವಿಕರ ಹಳೇ ಪದ್ಧತಿ. 1962ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಹತ್ರ ಥೇಮ್ಸ್ ನದಿಯ ಕೆಸರಲ್ಲಿ ಸಿಕ್ಕ ರೋಮನ್ ಕಾಲದ ಹಡಗಿನ ಮಾಸ್ಟ್ ಗೂಡಲ್ಲಿ ಚಕ್ರವರ್ತಿ ಡೊಮಿಷಿಯನ್ನನ ಕಂಚಿನ ನಾಣ್ಯ ಇತ್ತು. ಅದು ಮರದ ಮಾಸ್ಟು, ಏನೂ ತೊಂದರೆ ಇಲ್ಲ. ಇವತ್ತಿನ ಅಲ್ಯೂಮಿನಿಯಂ ಮಾಸ್ಟ್ ಕೆಳಗೆ ತಾಮ್ರ, ಬೆಳ್ಳಿ ನಾಣ್ಯ ಇಟ್ಟು ಮೇಲೆ ಉಪ್ಪುನೀರು ಬಿದ್ರೆ ಅಲ್ಲೊಂದು ಬ್ಯಾಟರಿನೇ ತಯಾರಾಗುತ್ತೆ, ಕರಗೋದು ಅಲ್ಯೂಮಿನಿಯಂ. ಶುಭಕ್ಕೆ ಅಂತ ಇಟ್ಟಿದ್ದು ಬುಡವನ್ನೇ ತಿನ್ನುತ್ತೆ.

ಎಷ್ಟೇ ನೋಡ್ಕೊಂಡ್ರೂ ಸಮುದ್ರದ ಮಧ್ಯೆ ಕೈಕೊಡಬಹುದು. ತಂತಿ ಹೋದ್ರೆ ಮೊದಲು ದೋಣಿ ತಿರುಗಿಸಿ ಗಾಳಿಯ ಭಾರ ಆ ಕಡೆಯಿಂದ ತಪ್ಪಿಸಬೇಕು, ಹಾಯಿ ಏರಿಸೋ ಹಗ್ಗವನ್ನೇ ತಂದು ಆ ಕಡೆ ಬಿಗೀಬೇಕು, ಆಮೇಲೆ ತಂತಿಯ ಜಾಗಕ್ಕೆ ಡೈನೀಮಾ ಅನ್ನೋ ತುಂಬಾ ಗಟ್ಟಿ ಸಿಂಥೆಟಿಕ್ ಹಗ್ಗ. ಒಬ್ಬರೇ ಹಾಯಿದೋಣೀಲಿ ಭೂಮಿ ಸುತ್ತೋ 2018ರ ಗೋಲ್ಡನ್ ಗ್ಲೋಬ್ ರೇಸಲ್ಲಿ ನಮ್ಮ ಅಭಿಲಾಷ್ ಟೋಮಿ ಅವರ ದೋಣಿ ಬಿರುಗಾಳಿಗೆ ಮಗುಚಿ ಮಾಸ್ಟ್ ಮುರಿದಿದ್ದು ನೆನಪಿರಬಹುದು. ಅದೇ ರೇಸಲ್ಲಿ ಫ್ರಾನ್ಸಿನ ಜಾನ್ ಲುಕ್ ವಾನ್ ಡೆನ್ ಹೀಡ್ ಅವರ ದೋಣೀನೂ ನವೆಂಬರಲ್ಲಿ ದಕ್ಷಿಣ ಪೆಸಿಫಿಕ್ಕಲ್ಲಿ ಅಲೆಗೆ ಮಗುಚಿತು, ಮಾಸ್ಟಿಗೆ ಕೆಳತಂತಿಗಳನ್ನ ಹಿಡಿದಿದ್ದ ಬೋಲ್ಟ್ ಅಲ್ಯೂಮಿನಿಯಂ ಸೀಳ್ಕೊಂಡು ಕೆಳಗೆ ಜಾರಿ ತಂತಿಗಳೆಲ್ಲ ಸಡಿಲ. 73ರ ಮನುಷ್ಯ, ಒಬ್ಬರೇ, ತೂಗಾಡೋ ಮಾಸ್ಟನ್ನ ಹಲವು ಸಲ ಹತ್ತಿ ಹಗ್ಗ ಸುತ್ತಿ ಆ ಬೋಲ್ಟ್ ಇನ್ನೂ ಜಾರದ ಹಾಗೆ ಕಟ್ಟಿದ್ರು. 2019ರ ಜನವರಿ 29ಕ್ಕೆ ಅದೇ ಮಾಸ್ಟ್ ನಿಲ್ಲಿಸ್ಕೊಂಡು ರೇಸ್ ಮುಗಿಯೋ ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರಿಗೆ ಬಂದ್ರು, ಎಲ್ಲರಿಗಿಂತ ಮೊದಲು.